ದುರ್ವಾಸನೆ ಮರದ ಮದ್ದು

ಕುಮಟಾದಿಂದ ಶಿರಸಿಗೆ ಹೊರಟ ಬಸ್ಸು ದೇವಿಮನೆ ಘಟ್ಟ ಹತ್ತುವಾಗ ಕಿಟಕಿಯಾಚೆ ಕಾಣುವುದು ಒಂದೇ ಹಸಿರು. ಅದರಲ್ಲಿ ಯಾವುದು ಮತ್ತಿ, ಯಾವುದು ಹೊನ್ನೆ, ಯಾವುದು ರಾಮಪತ್ರೆ ಎಂದು ಬಿಡಿಸಿ ಹೇಳಬಲ್ಲವರು ಈಗ ಬಸ್ಸಿಗೆ ಒಬ್ಬರು ಸಿಕ್ಕರೆ ಪುಣ್ಯ. ಬಾನೆತ್ತರದ ಮರಗಳ ಪಾಡೇ ಹೀಗಿರುವಾಗ ಅವುಗಳ ನೆರಳಿನಲ್ಲಿ, ಕಾಡಿನ ಅಂಚಿನಲ್ಲಿ ಬೆಳೆಯುವ ಕುಳ್ಳ ಮರವೊಂದನ್ನು ಕೇಳುವವರು ಯಾರು? ಇಪ್ಪತ್ತು, ಇಪ್ಪತ್ತೈದು ಅಡಿ ಏರಿದರೆ ಅದಕ್ಕೆ ಸಾಕು. ಅಗಲ ಎಲೆಗಳು ಕೊಂಬೆಯ ತುದಿಗೆ ಗುಂಪುಗೂಡಿರುತ್ತವೆ. ಉದುರಿದ ಎಲೆಯ ತೊಟ್ಟಿನ ಗುರುತು ರೆಂಬೆಯ ಮೇಲೆ ಹಾಗೇ ಉಳಿದಿರುತ್ತದೆ. ಮಳೆಗಾಲದಲ್ಲಿ ಬಿಡುವ ನಸುಹಳದಿ ಹೂವಿನ ಹತ್ತಿರ ಹೋದವರು ಮೂಗು ಮುಚ್ಚಿಕೊಂಡು ಹಿಂದೆ ಸರಿಯುತ್ತಾರೆ. ಕನ್ನಡದಲ್ಲಿ ಇದಕ್ಕೆ ದುರ್ವಾಸನೆ ಮರ ಎಂದೇ ಹೆಸರು. ಗಡಿಯಾಚೆಯ ಮರಾಠಿಗರು ನರಕ್ಯಾ ಎನ್ನುತ್ತಾರೆ. ಸಸ್ಯಶಾಸ್ತ್ರಜ್ಞರಿಗೆ ಇದು ನೋಥಪೊಡೈಟಿಸ್ ನಿಮ್ಮೋನಿಯಾನಾ. ಹಳೆಯ ಪುಸ್ತಕಗಳಲ್ಲಿ ಮಾಪಿಯಾ ಫೀಟಿಡಾ.

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕಾಡು ಹೊನ್ನಾವರ ಅರಣ್ಯ ವಿಭಾಗಕ್ಕೆ ಸೇರಿದೆ. ಸಮುದ್ರದಿಂದ ಕೆಲವೇ ಮೈಲಿ ಪೂರ್ವಕ್ಕೆ ನಡೆದರೆ ಘಟ್ಟದ ಬುಡ ಸಿಗುವ ಈ ಸೀಮೆಯಲ್ಲಿ ಔಷಧೀಯ ಸಸ್ಯಗಳ ಬಗ್ಗೆ ಮಾತಿಗೇನೂ ಬರವಿಲ್ಲ. 1993ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಅರಣ್ಯ ಇಲಾಖೆಯ ಜತೆಗೂಡಿ ರಾಜ್ಯದಲ್ಲಿ ಔಷಧೀಯ ಸಸ್ಯಗಳ ಸಂರಕ್ಷಣಾ ತಾಣಗಳನ್ನು ಗುರುತಿಸಿದಾಗ ದೇವಿಮನೆಯೂ ಆ ಪಟ್ಟಿಗೆ ಸೇರಿತು. ಆದರೆ ಇಲ್ಲಿನ ಹಳ್ಳಿ ಮದ್ದಿನಲ್ಲಿ ದುರ್ವಾಸನೆ ಮರಕ್ಕೆ ಹೇಳಿಕೊಳ್ಳುವಂಥ ಸ್ಥಾನವಿಲ್ಲ. ಅದರ ಬೆಲೆ ಗೊತ್ತಾದದ್ದು ಪ್ರಯೋಗಾಲಯದಲ್ಲಿ, ಅದೂ ಬೇರೊಂದು ದೇಶದ ಬೇರೊಂದು ಮರದ ದೆಸೆಯಿಂದ.

ಆ ಇನ್ನೊಂದು ಮರ ಚೀನಾದ ಕ್ಯಾಂಪ್ಟೋಥೆಕಾ ಅಕ್ಯುಮಿನೇಟಾ. ಅಮೆರಿಕದ ರಿಸರ್ಚ್ ಟ್ರಯಾಂಗಲ್ ಇನ್‌ಸ್ಟಿಟ್ಯೂಟಿನಲ್ಲಿದ್ದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರಬಾರ್‌ನಲ್ಲಿ ಹುಟ್ಟಿ ಅಮೆರಿಕ ಸೇರಿದ್ದ ಮನಸುಖ್ ವಾಣಿ 1966ರಲ್ಲಿ ಅದರಿಂದ ಕ್ಯಾಂಪ್ಟೋಥೆಸಿನ್ ಎಂಬ ಸಾರವನ್ನು ಬೇರ್ಪಡಿಸಿ ರಚನೆ ತಿಳಿಸಿದರು. ಇಲಿಗಳ ರಕ್ತಕ್ಯಾನ್ಸರಿನ ಮೇಲೆ ಅದು ಬಲವಾಗಿ ಕೆಲಸ ಮಾಡಿತ್ತು. ಆರು ವರ್ಷ ಕಳೆದು 1972ರಲ್ಲಿ ಮುಂಬೈ ಗೋರೆಗಾಂವ್‌ನ ಸೀಬಾ ಸಂಶೋಧನಾ ಕೇಂದ್ರದಲ್ಲಿದ್ದ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅದೇ ಸಾರ ನಮ್ಮ ಘಟ್ಟದ ಮಾಪಿಯಾ ಫೀಟಿಡಾದಲ್ಲೂ ಇದೆ ಎಂದು ಪ್ರಕಟಿಸಿದರು. ಇರುವುದಷ್ಟೇ ಅಲ್ಲ, ಧಾರಾಳವಾಗಿಯೇ ಇದೆ: ಒಣ ತೊಗಟೆ, ಕಟ್ಟಿಗೆಯ ತೂಕದಲ್ಲಿ ಶೇಕಡಾ 0.3ರ ಆಸುಪಾಸು. ಸಸ್ಯಮೂಲದ ಕ್ಯಾನ್ಸರ್ ಮದ್ದುಗಳ ಲೋಕದಲ್ಲಿ ಇದು ಶ್ರೀಮಂತಿಕೆ.

ವಿಚಿತ್ರವೆಂದರೆ ಅದೇ 1972ರಲ್ಲಿ ಅಮೆರಿಕದಲ್ಲಿ ಕ್ಯಾಂಪ್ಟೋಥೆಸಿನ್ನಿನ ಮೇಲೆ ಬಾಗಿಲು ಹಾಕಲಾಯಿತು. ಸಾರ ನೀರಿನಲ್ಲಿ ಕರಗದು. ರಕ್ತನಾಳಕ್ಕೆ ಕೊಡಬೇಕೆಂದರೆ ಕರಗಲೇಬೇಕು. ಹಾಗಾಗಿ ಅದರ ಒಂದು ಉಂಗುರವನ್ನು ಬಿಚ್ಚಿ ಸೋಡಿಯಂ ಲವಣ ಮಾಡಿ ರೋಗಿಗಳಿಗೆ ಕೊಟ್ಟರು. ಉಂಗುರ ಬಿಚ್ಚಿದ ಮೇಲೆ ಗಡ್ಡೆಯ ಮೇಲಿನ ಅದರ ಹಿಡಿತ ಸಡಿಲವಾಯಿತು. ಮೂತ್ರಕೋಶಕ್ಕಿಳಿದಾಗ ಮಾತ್ರ ಅಲ್ಲಿನ ಆಮ್ಲೀಯತೆಗೆ ಉಂಗುರ ಮತ್ತೆ ಮುಚ್ಚಿಕೊಂಡು ಮೂಲ ವಿಷವೇ ಮರಳಿತು. ಮೂತ್ರದಲ್ಲಿ ರಕ್ತ, ತಡೆಯಲಾಗದ ಉರಿ, ಭೇದಿ, ಕುಸಿದ ಬಿಳಿ ರಕ್ತಕಣ. ಬೇಕಾದಲ್ಲಿ ಸಾಲದಷ್ಟು, ಬೇಡದಲ್ಲಿ ಸಾಕಾಗುವಷ್ಟು. ಪರೀಕ್ಷೆ ನಿಂತಿತು. ಹತ್ತು ಹನ್ನೆರಡು ವರ್ಷ ಈ ಮದ್ದನ್ನು ಹೆಚ್ಚಿನವರು ಮರೆತೇಬಿಟ್ಟಿದ್ದರು.

ಅದಕ್ಕೆ ಮರುಜೀವ ಕೊಟ್ಟದ್ದು ಅದು ಕೊಲ್ಲುವ ಬಗೆ ಹೇಗೆಂಬ ಪ್ರಶ್ನೆ. ಜೀವಕೋಶ ಇಬ್ಭಾಗವಾಗುವ ಮೊದಲು ತನ್ನ ಡಿಎನ್‌ಎಯ ನಕಲು ತೆಗೆಯಬೇಕು. ಹುರಿಗೊಂಡ ಎರಡು ಎಳೆಗಳನ್ನು ಬಿಚ್ಚುತ್ತ ಹೋದಂತೆ ಮುಂದಿನ ಭಾಗದಲ್ಲಿ ಹುರಿ ಬಿಗಿಯುತ್ತದೆ. ದೋಣಿ ಕಟ್ಟುವ ಹಗ್ಗದ ಎಳೆಗಳನ್ನು ಒಂದು ತುದಿಯಿಂದ ಬಿಡಿಸುತ್ತ ಬಂದ ಮೀನುಗಾರನಿಗೆ ಈ ಬಿಗಿತ ಗೊತ್ತು. ಒಂದು ಹಂತದಲ್ಲಿ ಹಗ್ಗ ಗಂಟುಗಂಟಾಗಿ ನಿಂತುಬಿಡುತ್ತದೆ. ಜೀವಕೋಶದಲ್ಲಿ ಈ ತೊಡಕು ಬಿಡಿಸಲೆಂದೇ ಟೋಪೊಐಸೊಮರೇಸ್–1 ಎಂಬ ಕಿಣ್ವವಿದೆ. ಅದು ಒಂದು ಎಳೆಯನ್ನು ಕತ್ತರಿಸಿ, ಹುರಿ ಸಡಿಲಾಗಲು ಬಿಟ್ಟು, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೋಥೆಸಿನ್ ಆ ಕತ್ತರಿಸಿದ ಜಾಗದಲ್ಲಿ ಹೋಗಿ ಕೂರುತ್ತದೆ, ಬೆಸೆಯಲು ಬಿಡುವುದಿಲ್ಲ. ನಕಲು ತೆಗೆಯುವ ಯಂತ್ರ ಬಂದು ಆ ಸೀಳಿಗೆ ಡಿಕ್ಕಿ ಹೊಡೆಯುತ್ತದೆ. ಡಿಎನ್‌ಎ ತುಂಡಾಗುತ್ತದೆ, ಕೋಶ ಸಾಯುತ್ತದೆ. ಲೆರಾಯ್ ಲಿಯು ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟದ್ದು 1985ರಲ್ಲಿ.

ಅಡ್ಡಪರಿಣಾಮಗಳ ಗುಟ್ಟೂ ಇಲ್ಲಿಯೇ ಇದೆ. ಬಿಡುವಿಲ್ಲದೆ ವಿಭಜಿಸುವುದು ಗಡ್ಡೆಯ ಕೋಶಗಳು ಮಾತ್ರವಲ್ಲ. ಕರುಳಿನ ಒಳಪೊರೆ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತದೆ. ಎಲುಬಿನ ಮಜ್ಜೆ ಹಗಲಿರುಳು ರಕ್ತಕಣ ಹುಟ್ಟಿಸುತ್ತದೆ. ಕೂದಲಿನ ಬುಡ, ಬಾಯಿಯ ಒಳಚರ್ಮ ಎಲ್ಲವೂ ಇದೇ ಅವಸರದವು. ಮದ್ದು ಗಡ್ಡೆಯಲ್ಲಿ ಮಾಡುವ ಕೆಲಸವನ್ನೇ ಕರುಳಲ್ಲೂ ಮಾಡುತ್ತದೆ. ಒಂದಕ್ಕೆ ಚಿಕಿತ್ಸೆ ಎನ್ನುತ್ತೇವೆ, ಇನ್ನೊಂದನ್ನು ಭೇದಿ ಎಂದು ಶಪಿಸುತ್ತೇವೆ. ‘ಗಿಡಮೂಲಿಕೆಯದು, ಹಾಗಾಗಿ ಅಡ್ಡಪರಿಣಾಮವಿಲ್ಲ’ ಎಂದು ಜಾಹೀರಾತು ಬರೆಯುವವರು ಈ ಒಂದು ಮರದ ಎದುರು ಐದು ನಿಮಿಷ ನಿಲ್ಲಬೇಕು.

ಹಾಗಾದರೆ ಇಷ್ಟು ವಿಷ ಮೈಯೆಲ್ಲ ತುಂಬಿಕೊಂಡ ಮರ ತಾನೇ ಏಕೆ ಸಾಯುವುದಿಲ್ಲ? ಅದಕ್ಕೂ ಜೀವಕೋಶವಿದೆ, ಅದೂ ಡಿಎನ್‌ಎಯ ಹುರಿ ಬಿಡಿಸಲೇಬೇಕು. ಜಪಾನಿನ ಸಂಶೋಧಕರು 2008ರಲ್ಲಿ ಇದಕ್ಕೆ ಉತ್ತರ ಹುಡುಕಿದರು. ಚೀನಾದ ಆ ಮರದಲ್ಲಿ ಮತ್ತು ಕ್ಯಾಂಪ್ಟೋಥೆಸಿನ್ ತಯಾರಿಸುವ ಓಫಿಯೊರೈಜಾ ಎಂಬ ಪುಟ್ಟ ಗಿಡಗಳಲ್ಲಿ ಟೋಪೊಐಸೊಮರೇಸ್ ಕಿಣ್ವದ ಒಂದು ಕೊಂಡಿಯೇ ಬದಲಾಗಿದೆ. ವಿಷ ಅಲ್ಲಿ ಕಚ್ಚಿಕೊಳ್ಳಲಾರದು. ಬೆರಗಿನ ಮಾತೆಂದರೆ, ಈ ಮದ್ದಿಗೆ ಬಗ್ಗದ ಮನುಷ್ಯರ ರಕ್ತಕ್ಯಾನ್ಸರ್ ಕೋಶಗಳಲ್ಲೂ ಅದೇ ಕೊಂಡಿಯಲ್ಲಿ ಅದೇ ಬದಲಾವಣೆ ಈ ಮೊದಲೇ ಕಂಡಿತ್ತು. ಗಿಡ ಬದುಕಲು ಹೂಡಿದ ಉಪಾಯವನ್ನೇ ಕ್ಯಾನ್ಸರ್ ಕೋಶವೂ ಹೂಡುತ್ತದೆ.

ಇನ್ನೊಂದು ಜೀವಿಯೂ ಈ ವಿಷಕ್ಕೆ ಜಗ್ಗುವುದಿಲ್ಲ. ಕೆನರೆಲ್ಲಾ ಯೂನಿಕಲರ್ ಎಂಬ ಎಲೆದುಂಬಿ, ಹೆಸರಿನಲ್ಲೇ ನಮ್ಮ ಕೆನರಾ ಸೀಮೆಯ ಛಾಯೆ ಇರುವ ಹುಳು, ದುರ್ವಾಸನೆ ಮರದ ಎಲೆಯನ್ನು ಯಾವ ಅಂಜಿಕೆಯೂ ಇಲ್ಲದೆ ಮೇಯುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾಶಂಕರ್ ಅವರ ತಂಡದ ಬಿ. ಟಿ. ರಮೇಶ ಮತ್ತು ಸಂಗಡಿಗರು ಈ ದುಂಬಿಯ ಮೈಯನ್ನು ಪರೀಕ್ಷಿಸಿದರು. ಎಲೆಯ ಕ್ಯಾಂಪ್ಟೋಥೆಸಿನ್ ಅದರೊಳಗೆ ಶೇಖರವಾಗಿತ್ತು. 2011ರಲ್ಲಿ ಇದು ಪ್ರಕಟವಾಯಿತು. ಮನುಷ್ಯನ ಕರುಳು ಒಂದು ಡೋಸಿಗೆ ತತ್ತರಿಸುವಲ್ಲಿ ಈ ಹುಳುವಿಗೆ ಅದು ದಿನದ ಊಟ.

ಮದ್ದಿನ ಮಾತಿಗೆ ಮರಳೋಣ. ಕ್ಯಾಂಪ್ಟೋಥೆಸಿನ್ನನ್ನು ನೀರಿನಲ್ಲಿ ಕರಗುವಂತೆ ಮಾಡಿ, ಉಂಗುರವನ್ನೂ ಉಳಿಸಿಕೊಳ್ಳುವ ಕೆಲಸದಲ್ಲಿ ಗೆದ್ದ ಕಂಪನಿಗಳಲ್ಲಿ ಒಂದು ಜಪಾನಿನ ಯಾಕುಲ್ಟ್. ಹೌದು, ಪುಟ್ಟ ಬಾಟಲಿಯಲ್ಲಿ ಹುಳಿಹಾಲು ಮಾರುವ ಅದೇ ಯಾಕುಲ್ಟ್. ಅವರ ಇರಿನೊಟೆಕಾನ್ 1994ರಲ್ಲಿ ಜಪಾನಿನಲ್ಲಿ, 1996ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದೇ ವರ್ಷ ಇದರ ತಮ್ಮನಂಥ ಟೋಪೊಟೆಕಾನ್ ಅಂಡಾಶಯದ ಕ್ಯಾನ್ಸರಿಗೆ ಬಂತು. ಎರಡಕ್ಕೂ ಕಚ್ಚಾ ಮಾಲು ಇಂದಿಗೂ ಗಿಡದಿಂದಲೇ ತೆಗೆದ ಕ್ಯಾಂಪ್ಟೋಥೆಸಿನ್. ಪೂರ್ತಿಯಾಗಿ ಪ್ರಯೋಗಾಲಯದಲ್ಲೇ ಕಟ್ಟುವ ದಾರಿಗಳಿವೆ, ಖರ್ಚು ಮಾತ್ರ ಗಿಡದ ಜತೆ ಪೈಪೋಟಿ ಮಾಡುವಂಥದ್ದಲ್ಲ.

ಕೀಮೊ ವಾರ್ಡಿನಲ್ಲಿ ಇರಿನೊಟೆಕಾನ್ ಡ್ರಿಪ್ ಇಳಿಯತೊಡಗಿದ ಕೆಲವೇ ಹೊತ್ತಿನಲ್ಲಿ ಕೆಲವರಿಗೆ ಹಣೆಯಲ್ಲಿ ಬೆವರು ಮೂಡುತ್ತದೆ. ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು, ಮೂಗು ಸೋರುವುದು, ಹೊಟ್ಟೆ ನುಲಿದು ಭೇದಿಯಾಗುವುದು. ಪಕ್ಕದಲ್ಲಿ ಕುಳಿತ ಮನೆಯವರು ಅಳುತ್ತಿದ್ದಾರೆಂದೇ ತಿಳಿಯುತ್ತಾರೆ. ದಾದಿಗೆ ಮಾತ್ರ ಇದು ಪರಿಚಿತ. ನರಗಳ ಸಂದೇಶವಾಹಕವಾದ ಅಸಿಟೈಲ್‌ಕೋಲಿನ್ ಒಡೆಯದಂತೆ ಇರಿನೊಟೆಕಾನ್ ತಡೆಯುವುದರಿಂದ ಗ್ರಂಥಿಗಳೆಲ್ಲ ಒಮ್ಮೆಲೇ ತೆರೆದುಕೊಂಡಿರುತ್ತವೆ. ಆಕೆ ಅಟ್ರೊಪಿನ್ ಚುಚ್ಚಿದರೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ತಹಬಂದಿಗೆ ಬರುತ್ತದೆ. ಅಟ್ರೊಪಿನ್ ಬೆಲ್ಲಡೊನ್ನಾ ಗಿಡದ ವಿಷ. ನಮ್ಮ ತಿಪ್ಪೆಯ ಬದಿಯ ಉಮ್ಮತ್ತದಲ್ಲೂ ಇರುವಂಥದ್ದು. ಅದನ್ನು ತಿಂದವರಿಗೆ ಬಾಯಿ ಒಣಗಿ, ಕಣ್ಣುಪಾಪೆ ಅಗಲವಾಗಿ ಹುಚ್ಚು ಹಿಡಿದಂತಾಗುತ್ತದೆಂಬುದು ಹಳ್ಳಿಯವರಿಗೆಲ್ಲ ಗೊತ್ತು. ಒಂದು ಮರದ ವಿಷಕ್ಕೆ ಇನ್ನೊಂದು ಗಿಡದ ವಿಷವೇ ಮದ್ದಾಗುವ ಈ ಸಂಗತಿ ಹವಾನಿಯಂತ್ರಿತ ವಾರ್ಡಿನಲ್ಲಿ ಸದ್ದಿಲ್ಲದೆ ನಡೆಯುತ್ತಿರುತ್ತದೆ.

ಇದು ಮೊದಲ ದಿನದ ಭೇದಿ. ನಿಜವಾದ ಕಾಟ ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ, ಎಷ್ಟೋ ಸಲ ರೋಗಿ ಊರು ಸೇರಿದ ನಂತರ ಶುರುವಾಗುವ ಭೇದಿಯದು. ಇರಿನೊಟೆಕಾನ್ ದೇಹದೊಳಗೆ ಎಸ್‌ಎನ್–38 ಎಂಬ ರೂಪಕ್ಕೆ ಬದಲಾಗುತ್ತದೆ. ಕೊಲ್ಲುವ ಕಸುವು ಮುಖ್ಯವಾಗಿ ಇದರದೇ. ಯಕೃತ್ತು ಅದಕ್ಕೊಂದು ಸಕ್ಕರೆಯ ತುಂಡು ಅಂಟಿಸಿ ನಿರುಪದ್ರವಿ ಮಾಡಿ ಪಿತ್ತದ ಜತೆ ಕರುಳಿಗೆ ಸಾಗಹಾಕುತ್ತದೆ. ಅಲ್ಲಿ ಕಾದು ಕುಳಿತ ಬ್ಯಾಕ್ಟೀರಿಯಾಗಳು ತಮ್ಮ ಆಹಾರಕ್ಕಾಗಿ ಆ ಸಕ್ಕರೆಯನ್ನು ಕಿತ್ತುಕೊಳ್ಳುತ್ತವೆ. ಎಸ್‌ಎನ್–38 ಮತ್ತೆ ಬರಿಮೈಯಾಗಿ ಕರುಳಿನ ಒಳಪೊರೆಯ ಮೇಲೆ ಎರಗುತ್ತದೆ. ಕರುಳಿನ ಸೂಕ್ಷ್ಮಜೀವಿಗಳನ್ನೇ ಮಾರಿ ಹೆಸರಾದ ಕಂಪನಿಯ ಔಷಧಕ್ಕೆ ಕರುಳಿನ ಸೂಕ್ಷ್ಮಜೀವಿಗಳೇ ಮುಳುವಾದದ್ದು ಯಾರೂ ಬೇಕೆಂದು ಹೆಣೆದ ಕಥೆಯಲ್ಲ. ಇದಕ್ಕೆ ಲೋಪರಮೈಡ್ ಗುಳಿಗೆಯನ್ನು ವೈದ್ಯರು ಮೊದಲೇ ಬರೆದುಕೊಟ್ಟಿರುತ್ತಾರೆ. ಸಾಮಾನ್ಯ ಹೊಟ್ಟೆ ಕೆಟ್ಟಾಗ ನುಂಗುವುದಕ್ಕಿಂತ ಹೆಚ್ಚಿನ ಪ್ರಮಾಣ ಅದು. ಮೊದಲ ಸಲ ಸಡಿಲವಾದಾಗಲೇ ಶುರು ಮಾಡಬೇಕು. ‘ನಾಳೆ ನೋಡುವ, ಮಜ್ಜಿಗೆ ಕುಡಿದರೆ ನಿಲ್ಲುತ್ತದೆ’ ಎಂದು ಕಾದವರೇ ನಿರ್ಜಲೀಕರಣಗೊಂಡು ತುರ್ತು ವಾರ್ಡಿಗೆ ಬರುವುದು.

ಯಕೃತ್ತು ಸಕ್ಕರೆ ಅಂಟಿಸಲು ಬಳಸುವ ಕಿಣ್ವಕ್ಕೆ ಯುಜಿಟಿ1ಎ1 ಎಂದು ಹೆಸರು. ಕಾಮಾಲೆಯ ಹಳದಿ ಬಣ್ಣವಾದ ಬಿಲಿರುಬಿನ್ನನ್ನು ಹೊರಹಾಕುವುದೂ ಇದೇ ಕಿಣ್ವ. ಕೆಲವರಲ್ಲಿ ಹುಟ್ಟಿನಿಂದಲೇ ಇದು ತುಸು ಸೋಮಾರಿ. ಏಕಾದಶಿಗೆ ಉಪವಾಸವಿದ್ದ ಮರುದಿನ, ಜ್ವರ ಬಂದು ಊಟ ಬಿಟ್ಟಾಗ ಅವರ ಕಣ್ಣು ನಸುಹಳದಿಯಾಗುತ್ತದೆ. ಮತ್ತೆ ತಾನಾಗಿ ಸರಿಹೋಗುತ್ತದೆ. ಗಿಲ್ಬರ್ಟ್ ಸಿಂಡ್ರೋಮ್ ಎಂಬ ಈ ಸ್ಥಿತಿಯಿಂದ ದಿನನಿತ್ಯ ಏನೂ ತೊಂದರೆಯಿಲ್ಲ. ನಮ್ಮಲ್ಲಿ ಇಂಥವರಿಗೆ ಕಾಮಾಲೆಯೆಂದು ಸೊಪ್ಪಿನ ರಸ ಕುಡಿಸಿ, ಪಥ್ಯ ಹಿಡಿಸಿ, ಗುಣವಾಯಿತೆಂದು ಹೇಳಿಕೊಂಡ ಕಥೆಗಳಿಗೆ ಲೆಕ್ಕವಿಲ್ಲ. ಇರಿನೊಟೆಕಾನ್ ಹಾಕಿಸಿಕೊಳ್ಳುವಾಗ ಮಾತ್ರ ಈ ಸಣ್ಣ ಸಂಗತಿ ದೊಡ್ಡದಾಗುತ್ತದೆ. ವಿಷ ಮೈಯಲ್ಲಿ ಹೆಚ್ಚು ಹೊತ್ತು ಉಳಿದು ಬಿಳಿ ಕಣ ಪಾತಾಳಕ್ಕಿಳಿಯುತ್ತದೆ. ಅಮೆರಿಕದ ಔಷಧ ಪ್ರಾಧಿಕಾರ 2005ರಲ್ಲೇ ಇರಿನೊಟೆಕಾನಿನ ಮಾಹಿತಿ ಚೀಟಿಗೆ ಈ ಎಚ್ಚರಿಕೆ ಸೇರಿಸಿದೆ. ‘ಹಿಂದೆ ಎರಡು ಮೂರು ಸಲ ಕಾಮಾಲೆ ಬಂದಿತ್ತು’ ಎಂಬುದನ್ನು ಕೀಮೊ ಡಾಕ್ಟರಿಗೆ ಹೇಳುವುದು ಇದಕ್ಕಾಗಿ.

ಘಟ್ಟದಿಂದ ಕೆಳಗಿಳಿದು ಕಡಲ ತೀರದ ಮರಳಿಗೆ ಬಂದರೆ ಇನ್ನೊಂದು ಗಿಡ ಕಾಯುತ್ತಿದೆ. ಇದನ್ನು ಗುರುತಿಸಲು ಯಾರೂ ಬೇಡ. ನಿತ್ಯಪುಷ್ಪ, ಸದಾಪುಷ್ಪ, ಕಾಶಿಕಣಗಿಲೆ ಎಂದೆಲ್ಲ ಕರೆಸಿಕೊಳ್ಳುವ, ಬಿಳಿ, ಗುಲಾಬಿ ಐದು ಎಸಳಿನ ಹೂವಿನ ಗಿಡ. ಮಡಗಾಸ್ಕರ್‌ನಿಂದ ಬಂದದ್ದು ಎಂದರೆ ನಂಬುವವರಿಲ್ಲ, ಅಷ್ಟು ನಮ್ಮದಾಗಿದೆ. ದನ ತಿನ್ನುವುದಿಲ್ಲ, ಉಪ್ಪುಗಾಳಿಗೆ ಸೊರಗುವುದಿಲ್ಲ.

1952ರಲ್ಲಿ ಜಮೈಕಾದ ವೈದ್ಯರೊಬ್ಬರು ಇದರ ಇಪ್ಪತ್ತೈದು ಎಲೆಗಳನ್ನು ಕೆನಡಾದ ಡಾ. ಕ್ಲಾರ್ಕ್ ನೋಬಲ್ ಅವರಿಗೆ ಅಂಚೆಯಲ್ಲಿ ಕಳಿಸಿದರು. ಜಮೈಕಾದ ಜನ ಸಕ್ಕರೆ ಕಾಯಿಲೆಗೆ ಇದರ ಚಹಾ ಕುಡಿಯುತ್ತಿದ್ದರು. ಕ್ಲಾರ್ಕ್ ನೋಬಲ್ ಎಂದರೆ 1921ರಲ್ಲಿ ಬ್ಯಾಂಟಿಂಗ್ ಜತೆ ಇನ್ಸುಲಿನ್ ಕೆಲಸಕ್ಕೆ ಯಾರು ಸೇರುವುದೆಂದು ನಾಣ್ಯ ಚಿಮ್ಮಿದಾಗ ಚಾರ್ಲ್ಸ್ ಬೆಸ್ಟ್ ಎದುರು ಸೋತವರು. ಎಲೆಗಳು ಅವರ ತಮ್ಮ ರಾಬರ್ಟ್ ನೋಬಲ್ ಪ್ರಯೋಗಾಲಯಕ್ಕೆ ಹೋದವು. ಸಾರವನ್ನು ಇಲಿಗಳಿಗೆ ಕುಡಿಸಿದರೆ ಸಕ್ಕರೆ ಒಂದಿಷ್ಟೂ ಇಳಿಯಲಿಲ್ಲ. ಚುಚ್ಚಿದರೆ ಇಲಿಗಳು ಸೋಂಕು ತಗುಲಿ ಸತ್ತವು. ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರೇನೊ. ನೋಬಲ್ ಮತ್ತು ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಬಿಯರ್ ಸತ್ತ ಇಲಿಗಳ ರಕ್ತ ನೋಡಿದರು. ಬಿಳಿ ಕಣಗಳು ಬರಿದಾಗಿದ್ದವು. ಬಿಳಿ ಕಣವೇ ಮಿತಿಮೀರಿ ಬೆಳೆಯುವ ರೋಗಕ್ಕೆ ಇದನ್ನೇಕೆ ಕೊಡಬಾರದು? ಹೀಗೆ 1958ರಲ್ಲಿ ವಿನ್‌ಬ್ಲಾಸ್ಟಿನ್, ಅದರ ಬೆನ್ನಿಗೆ ಎಲಿ ಲಿಲಿ ಕಂಪನಿಯ ವಿನ್‌ಕ್ರಿಸ್ಟಿನ್ ಬಂದವು. ವಿನ್‌ಕ್ರಿಸ್ಟಿನ್‌ಗೆ 1963ರಲ್ಲಿ ಅನುಮತಿ ಸಿಕ್ಕಿತು. ಅಡ್ಡಪರಿಣಾಮ ಮೊದಲು ಕಂಡು, ಮದ್ದು ಆಮೇಲೆ ಹುಟ್ಟಿದ ಕಥೆ ಇದು. ಮಕ್ಕಳ ರಕ್ತಕ್ಯಾನ್ಸರಿನಲ್ಲಿ ಇಂದಿಗೂ ವಿನ್‌ಕ್ರಿಸ್ಟಿನ್ ಇಲ್ಲದೆ ಚಿಕಿತ್ಸೆಯಿಲ್ಲ.

ಅಣ್ಣತಮ್ಮಂದಿರಂಥ ಈ ಎರಡರ ನಡುವೆ ವ್ಯತ್ಯಾಸ ಅಣುವಿನ ಒಂದು ಮೂಲೆಯಲ್ಲಿ ಮಾತ್ರ. ಆದರೂ ವಿನ್‌ಬ್ಲಾಸ್ಟಿನ್ ಕಾಡುವುದು ಮಜ್ಜೆಯನ್ನು, ವಿನ್‌ಕ್ರಿಸ್ಟಿನ್ ಕಾಡುವುದು ನರವನ್ನು. ಕೋಶ ಇಬ್ಭಾಗವಾಗುವಾಗ ವರ್ಣತಂತುಗಳನ್ನು ಎಳೆಯುವ ಸೂಕ್ಷ್ಮನಳಿಕೆಗಳನ್ನು ಇವು ಕಟ್ಟಲು ಬಿಡುವುದಿಲ್ಲ. ನರತಂತುವಿನೊಳಗೆ ಸಾಮಗ್ರಿ ಸಾಗುವುದೂ ಅಂಥವೇ ನಳಿಕೆಗಳ ಮೇಲೆ. ಉದ್ದನೆಯ ನರಗಳು ಮೊದಲು ಸೊರಗುತ್ತವೆ, ಹಾಗಾಗಿ ತೊಂದರೆ ಕಾಲ್ಬೆರಳು, ಕೈಬೆರಳ ತುದಿಯಿಂದ ಶುರು. ಅಂಗಿಯ ಗುಂಡಿ ಹಾಕಲು ಬರುವುದಿಲ್ಲ. ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯುವುದಿಲ್ಲ. ಮಗು ಮೆಟ್ಟಿಲ ಮೇಲೆ ಪದೇಪದೇ ಎಡವುತ್ತದೆ, ದವಡೆ ನೋವೆಂದು ಅಳುತ್ತದೆ. ಕರುಳಿನ ನರವೂ ಮಂದವಾಗಿ ಮಲಬದ್ಧತೆ ಕಟ್ಟಿಕೊಳ್ಳುತ್ತದೆ; ಇರಿನೊಟೆಕಾನ್ ಕೆಡಿಸುವುದಕ್ಕೆ ನೇರ ತದ್ವಿರುದ್ಧ. ಈ ಮದ್ದನ್ನು ರಕ್ತನಾಳಕ್ಕೆ ಮಾತ್ರ ಕೊಡಬೇಕು. ಕಣ್ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಆದ್ದರಿಂದಲೇ ಸಿರಿಂಜಿನ ಬದಲು ಸಣ್ಣ ಡ್ರಿಪ್ ಚೀಲದಲ್ಲಿ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು.

ಇದೇ ನಿತ್ಯಪುಷ್ಪದ ಎಲೆಯನ್ನು ಸಕ್ಕರೆ ಕಾಯಿಲೆಗೆಂದು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಅಗಿಯುವವರು ಕರಾವಳಿಯಲ್ಲೂ ಇದ್ದಾರೆ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ತೆಗೆಯಲು ನೂರಾರು ಕಿಲೊ ಒಣ ಎಲೆ ಬೇಕಾಗುವುದರಿಂದ ನಾಲ್ಕು ಎಲೆಯಿಂದ ಯಾರಿಗೂ ಕೀಮೊ ಆಗುವುದಿಲ್ಲ. ಆದರೆ ಆ ಎಲೆಯಲ್ಲಿ ನೂರಕ್ಕೂ ಹೆಚ್ಚು ಆಲ್ಕಲಾಯ್ಡುಗಳಿವೆ. ಸಕ್ಕರೆ, ಬಿಪಿ ಎರಡಕ್ಕೂ ಗುಳಿಗೆ ನುಂಗುವವರು ಅವುಗಳ ಜತೆ ಆಟವಾಡುವುದು ಜಾಣತನವಲ್ಲ.

ಗಿಡಮೂಲದ ಇನ್ನೊಂದು ಕ್ಯಾನ್ಸರ್ ಮದ್ದಾದ ಟ್ಯಾಕ್ಸಾಲಿನ ಕಥೆ ದೊಡ್ಡದು, ಇಲ್ಲಿ ಒಂದು ತುಣುಕು ಸಾಕು. ವಾಲ್ ಮತ್ತು ವಾಣಿ ಜೋಡಿಯೇ 1971ರಲ್ಲಿ ಯೂ ಮರದ ತೊಗಟೆಯಿಂದ ಇದನ್ನು ಕೊಟ್ಟಿತು. ಸ್ತನ, ಅಂಡಾಶಯದ ಕ್ಯಾನ್ಸರಿಗೆ ಪ್ಯಾಕ್ಲಿಟ್ಯಾಕ್ಸೆಲ್ ಹೆಸರಿನಲ್ಲಿ ಇದು ಎಲ್ಲೆಡೆ ಬಳಕೆಯಲ್ಲಿದೆ. ಇದೂ ನೀರಿಗೆ ಕರಗದು. ಕರಗಿಸಲು ಹರಳೆಣ್ಣೆಯಿಂದ ಮಾಡಿದ ದ್ರಾವಣವೊಂದನ್ನು ಬೆರೆಸುತ್ತಾರೆ. ಡ್ರಿಪ್ ಶುರುವಾದ ಕೂಡಲೇ ಕೆಲವರಿಗೆ ಎದೆ ಬಿಗಿದು, ಮುಖ ಕೆಂಪೇರಿ, ಉಸಿರು ಕಟ್ಟುವುದಕ್ಕೆ ಹೆಚ್ಚಿನ ಪಾಲು ಕಾರಣ ಮದ್ದಲ್ಲ, ಆ ದ್ರಾವಣ. ಹಿಂದಿನ ರಾತ್ರಿಯಿಂದಲೇ ಸ್ಟಿರಾಯ್ಡ್ ಗುಳಿಗೆ ಕೊಡುವುದು ಇದನ್ನು ತಡೆಯಲು. ‘ಗಡ್ಡೆಗೆ ಸಂಬಂಧವಿಲ್ಲದ ಗುಳಿಗೆ’ ಎಂದು ಅದನ್ನು ತಪ್ಪಿಸಬಾರದು.

ಈ ಮದ್ದುಗಳನ್ನು ಹಾಕಿಸಿಕೊಳ್ಳಲು ಈ ಮೂರು ತಾಲ್ಲೂಕಿನವರು ಹೋಗುವುದು ಎಲ್ಲಿಗೆ? ದಕ್ಷಿಣಕ್ಕೆ ಮಣಿಪಾಲ, ಮಂಗಳೂರು. ಘಟ್ಟ ಹತ್ತಿದರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ. ಉತ್ತರಕ್ಕೆ ಗೋವಾದ ಬಾಂಬೋಳಿ. ಕೊನೆಗೆ ಬೆಂಗಳೂರಿನ ಕಿದ್ವಾಯಿ. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿ.ಮೀ., ಕುಮಟಾದವರಿಗೆ ಅದರ ಮೇಲೆ ಇನ್ನೂ 60. ಎರಡು ವಾರಕ್ಕೊಮ್ಮೆ ಕೀಮೊ ಎಂದರೆ ನಸುಕಿನಲ್ಲಿ ಎದ್ದು ಹೊರಡುವ, ರಾತ್ರಿ ಮರಳುವ ಪಯಣ. ಹೋಗುವಾಗ ಪರವಾಗಿಲ್ಲ. ಹೊಟ್ಟೆ ತೊಳೆಸುತ್ತಿರುವಾಗ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಬರುವುದೇ ಒಂದು ಶಿಕ್ಷೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತ ಮೇಲೆ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಬೀದಿಗಿಳಿದದ್ದು ಸುಮ್ಮನೆ ಅಲ್ಲ. 2025ರಲ್ಲಿ ಸರ್ಕಾರ ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೊ ಕೇಂದ್ರಗಳನ್ನು ತೆರೆಯಿತು. ದಾರಿ ಸರಿಯಾದದ್ದು, ಕೀಮೊ ಹಾಕುವ ಜಾಗ ಮನೆಗೆ ಹತ್ತಿರವಾದಷ್ಟೂ ಅಡ್ಡಪರಿಣಾಮಕ್ಕೆ ಸಿಗುವ ಆರೈಕೆಯೂ ಹತ್ತಿರವಾಗುತ್ತದೆ.

ಏಕೆಂದರೆ ಅಪಾಯದ ದಿನಗಳು ಆಸ್ಪತ್ರೆಯಲ್ಲಿ ಕಳೆಯುವುದಿಲ್ಲ. ಕೀಮೊ ಆಗಿ ಒಂದರಿಂದ ಎರಡು ವಾರದ ನಡುವೆ ಬಿಳಿ ಕಣ ತಳ ಮುಟ್ಟುತ್ತದೆ. ರೋಗಿ ಆಗ ಮನೆಯಲ್ಲಿರುತ್ತಾರೆ. ಆ ಅವಧಿಯಲ್ಲಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು ಸ್ಥಿತಿ. ಗಂಟೆಗಳೊಳಗೆ ರಕ್ತನಾಳದ ಮೂಲಕ ಆಂಟಿಬಯಾಟಿಕ್ ಬೀಳಬೇಕು. ಆದರೆ ಮಳೆಗಾಲದ ಕರಾವಳಿಯಲ್ಲಿ ಜ್ವರವೆಂದರೆ ಯಾರು ಬೆಚ್ಚುತ್ತಾರೆ? ಇಲಿಜ್ವರ, ಡೆಂಗಿ, ಘಟ್ಟದ ಅಂಚಿನ ಹಳ್ಳಿಗಳಲ್ಲಿ ಬೇಸಿಗೆಯ ಮಂಗನ ಕಾಯಿಲೆ, ಎಲ್ಲವನ್ನೂ ನೋಡಿದ ಜನ. ಒಂದು ಪ್ಯಾರಾಸಿಟಮಾಲ್ ನುಂಗಿ, ಕರಿಮೆಣಸಿನ ಕಷಾಯ ಕುಡಿದು ಮಲಗುತ್ತಾರೆ. ಗುಳಿಗೆ ಜ್ವರವನ್ನು ಇಳಿಸುತ್ತದೆ, ಸೋಂಕನ್ನಲ್ಲ. ಭೇದಿಯೂ ಜ್ವರವೂ ಒಟ್ಟಿಗೆ ಬಂದರಂತೂ ಬೆಳಗಾಗುವುದನ್ನು ಕಾಯಬಾರದು. ಹರಿದ ಕರುಳಿನ ಪೊರೆಯಿಂದ ಬ್ಯಾಕ್ಟೀರಿಯಾ ನೇರ ರಕ್ತಕ್ಕಿಳಿಯುವ ಹೊತ್ತು ಅದು.

ಊಟದ ವಿಷಯದಲ್ಲಿ ಈ ಸೀಮೆಯ ಅಡುಗೆಮನೆ ಅರ್ಧ ಗೆದ್ದಿದೆ. ಉಪ್ಪು ಹಾಕಿದ ಗಂಜಿ ಭೇದಿಯ ದಿನಗಳಿಗೆ ಹೇಳಿಮಾಡಿಸಿದ್ದು. ವಾಕರಿಕೆಗೆ ಅಪ್ಪೆಹುಳಿ, ಮುರುಗಲ ಸಾರು ನಾಲಗೆಗೆ ಹಿತವೆನಿಸುತ್ತವೆ, ಆದರೆ ಬಾಯಲ್ಲಿ ಹುಣ್ಣೆದ್ದ ವಾರದಲ್ಲಿ ಅದೇ ಹುಳಿ ಬೆಂಕಿ. ಹಸಿ ಸೊಪ್ಪಿನ ತಂಬುಳಿ, ಕಾಯಿಸದ ನೀರು, ಬೇಯದ ಚಿಪ್ಪಿಕಲ್ಲು ಬಿಳಿ ಕಣ ಕುಸಿದ ದಿನಗಳಿಗೆ ಆಗದು.

ಕಷಾಯದ ಮಾತು ಸ್ವಲ್ಪ ಸೂಕ್ಷ್ಮ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು ಕ್ಯಾನ್ಸರಿಗೆ ಕೊಡುತ್ತಿದ್ದ ಮರದ ಚಕ್ಕೆಗಾಗಿ ದೇಶದ ಮೂಲೆಮೂಲೆಯಿಂದ ಜನ ಬರುತ್ತಿದ್ದುದನ್ನು ಮಲೆನಾಡು, ಕರಾವಳಿಯವರು ಕಣ್ಣಾರೆ ಕಂಡಿದ್ದಾರೆ. 2020ರಲ್ಲಿ ಅವರು ತೀರಿಕೊಂಡರು. ಆ ಸರತಿಯಲ್ಲಿ ನಿಂತವರ ಸಂಕಟವನ್ನು ಗೇಲಿ ಮಾಡುವುದು ಸುಲಭ, ತಪ್ಪು ಕೂಡ. ಆದರೆ ಕೀಮೊ ನಡೆಯುತ್ತಿರುವಾಗ ಡಾಕ್ಟರಿಗೆ ಹೇಳದೆ ಚಕ್ಕೆ, ಚೂರ್ಣ ಸೇವಿಸುವುದು ಬೇರೆ ಮಾತು. ಯುರೋಪಿನಲ್ಲಿ ಮನಸ್ಸಿನ ಬೇಸರಕ್ಕೆ ಕುಡಿಯುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಇರಿನೊಟೆಕಾನ್ ಜತೆ ಕೊಟ್ಟು ನೋಡಿದ ನೆದರ್ಲೆಂಡ್ಸ್ ವೈದ್ಯರು 2002ರಲ್ಲಿ ವರದಿ ಮಾಡಿದಂತೆ, ರಕ್ತದಲ್ಲಿನ ಎಸ್‌ಎನ್–38 ಶೇ 42ರಷ್ಟು ಇಳಿದಿತ್ತು. ನಿರುಪದ್ರವಿ ಸೊಪ್ಪೊಂದು ಮದ್ದಿನ ಬಲವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿತು.

ಇನ್ನು ದುರ್ವಾಸನೆ ಮರದ ತೊಗಟೆಯನ್ನೇ ಕುದಿಸಿ ಕುಡಿದರಾಗದೇ ಎಂದು ಕೇಳುವವರಿಗೆ ಲೆಕ್ಕವೇ ಉತ್ತರ ಹೇಳುತ್ತದೆ. ಶೇ 0.3 ಎಂದರೆ ಒಂದು ಕಿಲೊ ಒಣ ತೊಗಟೆಯಲ್ಲಿ ಮೂರು ಗ್ರಾಂ. ಸಾಧಾರಣ ಮೈಕಟ್ಟಿನವರಿಗೆ ಎರಡು ವಾರಕ್ಕೊಮ್ಮೆ ಕೊಡುವ ಇರಿನೊಟೆಕಾನ್ ಸುಮಾರು 300 ಮಿಲಿಗ್ರಾಂ. ಒಂದು ಹಿಡಿ ತೊಗಟೆಯಲ್ಲೇ ಅಷ್ಟಕ್ಕೆ ಸಾಲುವ ಕಚ್ಚಾ ವಿಷ ಇದ್ದೀತು. ಮರದಿಂದ ಮರಕ್ಕೆ, ಬೇರಿನಿಂದ ಕೊಂಬೆಗೆ ಅದರ ಪ್ರಮಾಣ ಹಲವು ಪಟ್ಟು ಬದಲಾಗುತ್ತದೆ ಎಂಬುದನ್ನು ಮಧ್ಯ ಪಶ್ಚಿಮಘಟ್ಟದಲ್ಲಿ ಅಳೆದು ನೋಡಿದ್ದಾರೆ. ಅಳತೆಯಿಲ್ಲದ ಕಷಾಯದಲ್ಲಿ ಸಿಗುವುದು 1972ರಲ್ಲಿ ಕೈಬಿಟ್ಟ ಆ ಮೂಲ ಸಾರವೇ.

ತೊಗಟೆ ಹುಡುಕಿಕೊಂಡು ಬಂದವರು ರೋಗಿಗಳಲ್ಲ, ವ್ಯಾಪಾರಿಗಳು. ಇರಿನೊಟೆಕಾನ್ ಮಾರುಕಟ್ಟೆಗೆ ಬಂದ ಮೇಲೆ ಘಟ್ಟದ ಉದ್ದಕ್ಕೂ ಈ ಮರಕ್ಕೆ ಕೊಡಲಿ ಬಿತ್ತು. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಹೆಚ್ಚು, ನಮ್ಮಲ್ಲೂ ತಪ್ಪಲಿಲ್ಲ. ಸಾರ ಬೇರಿನಲ್ಲಿ ಹೆಚ್ಚಿರುವುದರಿಂದ ಕೆಲವೆಡೆ ಬುಡಸಮೇತ ಕಿತ್ತರು. ಕಡಿದರೆ ಬುಡ ಚಿಗುರುತ್ತದೆ, ಕಿತ್ತರೆ ಮುಗಿಯಿತು. ಈ ಮರಕ್ಕೆ ಇನ್ನೊಂದು ಗೋಜಲೂ ಇದೆ. ಶಿರಸಿ ಅರಣ್ಯ ಕಾಲೇಜಿನ ಆರ್. ವಾಸುದೇವ ಮತ್ತು ಸಹೋದ್ಯೋಗಿಗಳು 2002ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ತಿಳಿಸಿದಂತೆ ಇದರಲ್ಲಿ ಗಂಡು, ಹೆಣ್ಣು, ದ್ವಿಲಿಂಗಿ ಹೀಗೆ ಬೇರೆಬೇರೆ ಮರಗಳಿವೆ. ಒಂದು ಗುಡ್ಡದಲ್ಲಿ ಹತ್ತು ಮರ ಉಳಿದಿವೆ ಎಂದ ಮಾತ್ರಕ್ಕೆ ಕಾಯಿ ಕಟ್ಟುತ್ತದೆಂಬ ಖಾತ್ರಿಯಿಲ್ಲ.

ಮರಕ್ಕೆ ಬದಲು ಹುಡುಕುವ ಕೆಲಸವೂ ನಡೆದಿದೆ. 2005ರಲ್ಲಿ ಜಮ್ಮುವಿನ ವಿಜ್ಞಾನಿಗಳು ಮರದೊಳಗೆ ಬದುಕುವ ಶಿಲೀಂಧ್ರವೊಂದು ತಾನೇ ಕ್ಯಾಂಪ್ಟೋಥೆಸಿನ್ ತಯಾರಿಸುತ್ತದೆ ಎಂದಾಗ ಇನ್ನು ಕೊಡಲಿಯ ಕೆಲಸವಿಲ್ಲ ಎನಿಸಿತ್ತು. ಆದರೆ ಮರದಿಂದ ಹೊರತೆಗೆದು ಸೀಸೆಯಲ್ಲಿ ಬೆಳೆಸಿದ ಇಂಥ ಶಿಲೀಂಧ್ರಗಳು ತಲೆಮಾರು ಕಳೆದಂತೆ ಸಾರ ಕೊಡುವುದನ್ನೇ ನಿಲ್ಲಿಸುವುದು ದೊಡ್ಡ ತೊಡಕಾಗಿದೆ. ಉಮಾಶಂಕರ್ ತಂಡ ಇದೇ ಕುಟುಂಬದ ಮಿಕ್ವೆಲಿಯಾ ಡೆಂಟೇಟಾ ಎಂಬ ಬಳ್ಳಿಯ ಹಣ್ಣಿನಲ್ಲಿ ಶೇಕಡಾ ಒಂದಕ್ಕೂ ಮಿಕ್ಕಿ ಕ್ಯಾಂಪ್ಟೋಥೆಸಿನ್ ಕಂಡುಕೊಂಡು 2013ರಲ್ಲಿ ಪ್ರಕಟಿಸಿತು. ಹಣ್ಣು ಕೊಯ್ದರೆ ಬಳ್ಳಿ ಸಾಯುವುದಿಲ್ಲ. ಇದು ಕೊಡಲಿಗಿಂತ ಎಷ್ಟೋ ವಾಸಿ.

ಅತ್ತ ಬೇಡಿಕೆ ಇಳಿಯುವ ಸೂಚನೆಯಿಲ್ಲ. ಸ್ತನ ಕ್ಯಾನ್ಸರಿನ ಚಿಕಿತ್ಸೆಯನ್ನೇ ಬದಲಿಸುತ್ತಿರುವ ಹೊಸ ಮದ್ದುಗಳಲ್ಲಿ ಎರಡು ಇದೇ ವಂಶದವು. ಗಡ್ಡೆಯನ್ನು ಹುಡುಕಿ ಹಿಡಿಯುವ ಪ್ರತಿಕಾಯಕ್ಕೆ ಕ್ಯಾಂಪ್ಟೋಥೆಸಿನ್ ಸಂತತಿಯ ವಿಷವನ್ನು ಅಂಟಿಸಿ ಕಳಿಸುವ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್‌ಗೆ 2019ರಲ್ಲಿ, ಎಸ್‌ಎನ್–38 ಹೊತ್ತ ಸಾಸಿಟುಜುಮಾಬ್ ಗೋವಿಟೆಕಾನ್‌ಗೆ 2020ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ವಿಷ ಗಡ್ಡೆಯೊಳಗೇ ಬಿಚ್ಚಿಕೊಂಡು ಉಳಿದ ಮೈಯನ್ನು ಬಿಟ್ಟುಬಿಡಲಿ ಎಂಬುದು ಲೆಕ್ಕಾಚಾರ; ಬಹಳ ಮಟ್ಟಿಗೆ ಫಲಿಸಿದೆ ಕೂಡ. ಆದರೂ ಮೊದಲನೆಯದಕ್ಕೆ ಶ್ವಾಸಕೋಶದ ಉರಿಯೂತವೆಂಬ ಹೊಸ ಅಪಾಯ ಗಂಟುಬಿದ್ದಿದೆ. ಎರಡನೆಯದರ ಮಾಹಿತಿ ಚೀಟಿಯಲ್ಲಿ ಚೌಕಟ್ಟು ಹಾಕಿ ಮುದ್ರಿಸಿದ ಎಚ್ಚರಿಕೆ ಹಳೆಯವೇ ಎರಡು: ಬಿಳಿ ಕಣದ ಕುಸಿತ ಮತ್ತು ಭೇದಿ. ಯುಜಿಟಿ1ಎ1 ಸೋಮಾರಿಯಾಗಿರುವವರ ಮೇಲೆ ಹೆಚ್ಚಿನ ನಿಗಾ ಇಡಿ ಎಂದೂ ಅದರಲ್ಲಿದೆ.